ಕುದಿಯುವ ಪಾತ್ರೆಗೆ ಕೈಯಿಟ್ಟ ವಾಸಿಲ್

ಹೊರಗಿನವರು ಯಾರಾದರೂ ನಮ್ಮೂರಿಗೆ ಬಂದರೆ ನಾವು ಮೊದಲು ತೋರಿಸುತ್ತಿದ್ದುದು ಉಕ್ಕಿನ ಕಾರ್ಖಾನೆಯನ್ನಲ್ಲ, ನದಿಯನ್ನಲ್ಲ, ಇಗರ್ಜಿಯ ತುದಿಯಲ್ಲಿರುವ ಮೂರು ಅಡ್ಡಪಟ್ಟಿಯ ಶಿಲುಬೆಯನ್ನೂ ಅಲ್ಲ. ಜೂರ್ಕೊನ ಹೆಂಡದಂಗಡಿಗೆ ಕರೆದುಕೊಂಡು ಹೋಗಿ ವಾಸಿಲ್ ಹ್ರಿಂಕೊನ ಕೈ ತೋರಿಸುತ್ತಿದ್ದೆವು.

ಅಂಗಡಿಯ ಒಲೆಯ ಮೇಲೆ ಕೊಲ್ಬಾಸಿ ಕುದಿಯುತ್ತಿರುತ್ತಿತ್ತು. ಕೊಲ್ಬಾಸಿ ಎಂದರೆ ಬೆಳ್ಳುಳ್ಳಿ ಹಾಕಿ ಕರುಳಿನಲ್ಲಿ ತುಂಬಿದ ಹಂದಿಮಾಂಸ, ಅಷ್ಟೆ. ಜೂರ್ಕೊ ಮುಚ್ಚಳ ತೆಗೆದು, "ವಾಸಿಲಣ್ಣ, ನೆಂಟರಿಗೆ ಒಂದು ತುಂಡು ತೆಕ್ಕೊಡಪ್ಪ, ಇಕ್ಕಳ ಎಲ್ಲೋ ಇಟ್ಟುಬಿಟ್ಟಿದ್ದೀನಿ," ಎನ್ನುತ್ತಿದ್ದ. ಇಕ್ಕಳ ಅವನ ಸೊಂಟದಲ್ಲೇ ನೇತಾಡುತ್ತಿರುತ್ತಿತ್ತು. ವಾಸಿಲ್ ಅಂಗಿಯ ತೋಳು ಮಡಚಿ ಕುದಿಯುವ ನೀರಿಗೆ ಕೈಯಿಟ್ಟು, ಹುಡುಕಿ, ಒಂದನ್ನು ಎತ್ತಿ ತಟ್ಟೆಗೆ ಹಾಕುತ್ತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಅಂಗಡಿಗೆ ಅಂಗಡಿಯೇ ಮೇಜು ಗುದ್ದುತ್ತಿತ್ತು.

"ನೋಡಿದ್ರಾ? ಎಂಟು ವರ್ಷ ದೊಡ್ಡ ತಂಡದಲ್ಲಿ ಫುಟ್‌ಬಾಲ್ ಆಡಿದ ಕೈ. ನೋವು ಅನ್ನೋದು ಇವನ ವಿಳಾಸ ಕೇಳ್ಕೊಂಡು ಬಂದು ವಾಪಸ್ ಹೋಗಿದೆ!" ಎನ್ನುತ್ತಿದ್ದ ಜೂರ್ಕೊ.

ಮನೆಗೆ ಹೋದ ಮೇಲೆ ಅದೇ ಕೈಯ ಬೊಬ್ಬೆಗಳಿಗೆ ಅವನ ಹೆಂಡತಿ ಯುಲ್ಕಾ ಹಂದಿಕೊಬ್ಬು ಸವರುತ್ತಿದ್ದಳು. ಮೇಜು ಗುದ್ದಿದವರಲ್ಲಿ ಯಾರೂ ಅದನ್ನು ನೋಡಲು ಹೋಗಲಿಲ್ಲ. ಕೈ ಏಕೆ ನೋಯುವುದಿಲ್ಲ ಎಂದು ಒಬ್ಬನಾದರೂ ಕೇಳಲಿಲ್ಲ. ಮೈಯಲ್ಲಿ ನೋವೇ ಹುಟ್ಟದಿದ್ದರೆ ಅದಕ್ಕೆ ಧೈರ್ಯ ಎಂದು ಹೆಸರಿಡುವ ಊರು ನಮ್ಮದು.

ವಾಸಿಲ್ ಹುಟ್ಟಿದ್ದು ಕಾರ್ಖಾನೆಯ ಕೆಳಗಿನ ಸಾಲುಮನೆಗಳಲ್ಲಿ. ಅಪ್ಪ ಕುಲುಮೆಯ ಮುಂದೆ ಸಲಿಕೆ ಹಿಡಿದು ಸತ್ತವನು. ನಮ್ಮ ತಾತಂದಿರು ಕಾರ್ಪಾಥಿಯನ್ ಬೆಟ್ಟಗಳಿಂದ ಹಡಗು ಹತ್ತಿ ಬಂದವರು. ಕಾರ್ಖಾನೆಯಲ್ಲಿ ನಮ್ಮನ್ನು ಹೀಗಳೆಯಲು ಇದ್ದ ಹೆಸರು ಹಂಕಿ. ಮೇಸ್ತ್ರಿಗಳೆಲ್ಲ ಐರಿಷರು. ಸಲಿಕೆ, ತಳ್ಳುಗಾಡಿ, ಕುಲುಮೆಯ ಬಾಯಿ ನಮಗೆ. ಚಾವಣಿಯ ಕೆಳಗೆ ಹಳಿಗಳ ಮೇಲೆ ಓಡುವ ಕ್ರೇನಿನ ಗೂಡು ಅವರಿಗೆ. ಯಾವ ನಿಯಮದಲ್ಲೂ ಹಾಗೆ ಬರೆದಿರಲಿಲ್ಲ. ಬರೆದಿದ್ದರೆ ಹರಿಯಬಹುದಿತ್ತು.

ಈ ಸಾಲುಮನೆಗಳಿಂದ ಮೇಲೇರಲು ಇದ್ದ ದಾರಿ ಒಂದೇ, ಶಾಲೆಯ ಹಿಂದಿನ ಬೂದಿ ತುಂಬಿದ ಮೈದಾನ. ಅಲ್ಲಿ ಬಿದ್ದರೆ ಮೊಣಕಾಲಿನ ಚರ್ಮದೊಳಗೆ ಕಪ್ಪು ಹರಳು ಉಳಿದುಬಿಡುತ್ತಿತ್ತು. ನಮ್ಮ ಫುಟ್‌ಬಾಲ್ ಕಾಲಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಗುದ್ದಾಡುವ ಆಟ. ವಾಸಿಲ್ ಕುಳ್ಳ, ಆದರೆ ಬಾಗಿಲಿನಷ್ಟು ಅಗಲ. ಆದ್ದರಿಂದ ಅವನನ್ನು ನಡುವೆ ನಿಲ್ಲಿಸಿದರು. ಎರಡು ತುದಿಯೂ ಚೂಪಾದ ಆ ಚರ್ಮದ ಚೆಂಡಿನ ಮೇಲೆ ಬಗ್ಗಿ, ಕಾಲುಗಳ ಸಂದಿಯಿಂದ ಅದನ್ನು ಹಿಂದೆ ನಿಂತವನ ಕೈಗೆ ಕೊಡುವ ಕೆಲಸ. ಕೊಟ್ಟ ಕ್ಷಣವೇ ಎದುರಿಗಿದ್ದವನು ತಲೆಯಿಂದ ತಲೆಗೆ ಗುದ್ದುತ್ತಾನೆ. ಪ್ರತಿ ಆಟವೂ ಅವನ ಕೈಯಿಂದಲೇ ಶುರುವಾಗುತ್ತದೆ, ಮರುದಿನದ ಪತ್ರಿಕೆಯಲ್ಲಿ ಅವನ ಹೆಸರಿರುವುದಿಲ್ಲ.

ಯುದ್ಧದಿಂದ ಬಂದ ಮೇಲೆ ನದಿಯ ಕೆಳಗಿನ ದೊಡ್ಡ ನಗರದ ತಂಡ ಅವನನ್ನು ಕರೆಯಿತು. ಆಗಿನ ಆಟಗಾರರೆಂದರೆ ಈಗಿನಂತೆ ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ಆಟ ಮುಗಿದರೆ ಒಬ್ಬ ಬಿಯರ್ ಲಾರಿ ಓಡಿಸುತ್ತಿದ್ದ, ಇನ್ನೊಬ್ಬ ಮನೆಮನೆಗೆ ಹೋಗಿ ವಿಮೆ ಮಾರುತ್ತಿದ್ದ, ವಾಸಿಲ್ ಬಂದು ಕುಲುಮೆಯ ಮುಂದೆ ನಿಲ್ಲುತ್ತಿದ್ದ. ಬೇಸಿಗೆಯ ತಾಲೀಮಿನಲ್ಲಿ ದಿನಕ್ಕೆರಡು ಹೊತ್ತು ಬಿಸಿಲಿನಲ್ಲಿ ಗುದ್ದಾಡಿಸುತ್ತಿದ್ದರು. ಕುಡಿಯಲು ನೀರು ಕೊಡುತ್ತಿರಲಿಲ್ಲ, ಉಪ್ಪಿನ ಗುಳಿಗೆ ಕೊಡುತ್ತಿದ್ದರು. ನೀರು ಕೇಳಿದವನು ಗಂಡಸಲ್ಲ ಎಂಬುದು ತರಬೇತುದಾರರ ವೈದ್ಯಶಾಸ್ತ್ರ. ನಾಯಿಗೆ ಹಾಗೆ ಮಾಡಿದರೆ ಪೊಲೀಸರು ಬರುತ್ತಾರೆ.

ಎರಡನೆಯ ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿದ್ದ ಮೈದಾನದಲ್ಲಿ ಒಂದು ಗುದ್ದು ಬಿತ್ತು. ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ. ಕುತ್ತಿಗೆಯಿಂದ ಬೆರಳಿನವರೆಗೆ ಬೆಂಕಿ ಹರಿದ ಹಾಗಾಯಿತಂತೆ. ತೋಳು ತುಂಬಿದ ಚೀಲದಂತೆ ಜೋತುಬಿತ್ತು. ಓಡಿಬಂದವನು ತಂಡದ ಉಪಚಾರಕ.

"ಕೈ ಸುಡ್ತಾ ಇದೆ," ಎಂದ ವಾಸಿಲ್.

"ಎಲ್ಲರಿಗೂ ಸುಡುತ್ತೆ. ಕೊಡವು."

"ಬೆರಳು ನನ್ನದೇ ಅಲ್ಲ ಅನ್ನಿಸ್ತಿದೆ."

"ನಿನ್ನದಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ, ಬೇರೆಯವನದ್ದು ನೋಯ್ಲಿ ಬಿಡು. ಏಳು, ಮೂರನೇ ಸರದಿ."

ಡಾಕ್ಟರು ಸೂಜಿ ಚುಚ್ಚಿದರು. ಮುಂದಿನ ಭಾನುವಾರ ಮತ್ತೆ ಗುದ್ದು, ಮತ್ತೆ ಬೆಂಕಿ, ಮತ್ತೆ ಸೂಜಿ. ಹೀಗೇ ಕೆಲವು ಚಳಿಗಾಲ ಕಳೆದ ಮೇಲೆ ಬೆಂಕಿ ನಿಂತುಹೋಯಿತು. ವಾಸಿಯಾಯಿತು ಎಂದರು ಡಾಕ್ಟರು. ವಾಸಿಯಾಗಿರಲಿಲ್ಲ, ಸುಟ್ಟು ಮುಗಿದಿತ್ತು. ಕೈಯಲ್ಲಿ ಬಲವಿತ್ತು, ಹಿಡಿದದ್ದನ್ನು ಹಿಂಡಿ ಪುಡಿ ಮಾಡಬಲ್ಲಷ್ಟು. ಆದರೆ ಹಿಡಿದದ್ದು ಏನು ಎಂಬುದು ಮಾತ್ರ ಕೈಗೆ ತಿಳಿಯುತ್ತಿರಲಿಲ್ಲ. ಈ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದವನ ಪೆಟ್ಟಿಗೆ ಅದೇ ಸಂಜೆ ತಂಡ ಇಳಿದುಕೊಂಡ ಹೋಟೆಲಿನ ಹೊರಗಿರುತ್ತಿತ್ತು.

ಆ ಚೆಂಡಿನ ಮೇಲೆ ಒಂದು ಕಡೆ ಬಿಳಿ ಲಾಡಿಯ ಹೊಲಿಗೆಯಿದೆ. ನಡುವೆ ನಿಂತವನು ಅದನ್ನು ಬೆರಳಿನಿಂದಲೇ ಹುಡುಕಿಕೊಳ್ಳಬೇಕು, ಕಣ್ಣು ಮಾತ್ರ ಎದುರಾಳಿಯ ಮೇಲಿರಬೇಕು. ವಾಸಿಲನ ಬೆರಳಿಗೆ ಹೊಲಿಗೆ ಸಿಗುತ್ತಿರಲಿಲ್ಲ. ಅವನು ಚೆಂಡು ಕೊಡುವ ಮೊದಲು ಒಮ್ಮೆ ತಲೆ ತಗ್ಗಿಸಿ ನೋಡಲು ಶುರುಮಾಡಿದ. ಕಣ್ಣು ಮಿಟುಕಿಸುವಷ್ಟು ಹೊತ್ತು. ಸ್ವಲ್ಪ ಕಾಲ ಯಾರೂ ಗಮನಿಸಲಿಲ್ಲ. ಆಮೇಲೆ ಎದುರಾಳಿಗಳು ಗಮನಿಸಿದರು. ಅವನ ತಲೆ ತಗ್ಗಿದರೆ ಚೆಂಡು ಬಂತೆಂದೇ ಅರ್ಥ. ತಗ್ಗಿದ ಕೂಡಲೇ ನುಗ್ಗುವುದು. ಆ ವರ್ಷ ತಂಡ ಸೋತದ್ದೆಲ್ಲ ಏಕೆಂದು ನಗರದ ಪತ್ರಿಕೆಗಳು ಪುಟಗಟ್ಟಲೆ ಬರೆದವು.

ತರಬೇತುದಾರ ಅವನನ್ನು ಕತ್ತಲೆ ಕೋಣೆಗೆ ಕರೆದು ಆಟದ ಫಿಲಂ ಓಡಿಸಿದ. ಗೋಡೆಯ ಮೇಲೆ ಸಣ್ಣ ವಾಸಿಲ್ ಬಗ್ಗಿದ, ತಲೆ ತಗ್ಗಿಸಿದ. ಹಿಂದಕ್ಕೆ ಓಡಿಸಿದ. ತಲೆ ಎದ್ದಿತು. ಮತ್ತೆ ಮುಂದಕ್ಕೆ, ಮತ್ತೆ ತಗ್ಗಿತು.

"ಏನು ನೋಡ್ತಿದ್ದೀಯ ಅಲ್ಲಿ? ಚೆಂಡು ಮೊಟ್ಟೆ ಇಟ್ಟಿದೆಯೇನು?"

"ಅಭ್ಯಾಸ ಆಗಿಬಿಟ್ಟಿದೆ."

"ಹಸುಗೂಸಿಗೂ ತನ್ನ ಕೈಯಲ್ಲಿ ಏನಿದೆ ಅಂತ ಗೊತ್ತಾಗುತ್ತೆ ಕಣಯ್ಯಾ."

ಅಂದೇ ವಾಸಿಲನನ್ನು ತಂಡದಿಂದ ತೆಗೆದುಹಾಕಿದರು. ಮಧ್ಯಾಹ್ನದ ರೈಲಿಗೆ ಊರಿಗೆ ಬಂದ. ಸೂಜಿ ಚುಚ್ಚಿದ ಡಾಕ್ಟರು ಬೀಳ್ಕೊಡಲು ಬರಲಿಲ್ಲ. ಅವರಿಗೆ ಬೇರೆ ಕುತ್ತಿಗೆಗಳಿದ್ದವು.

ನಮ್ಮೂರು ಅವನನ್ನು ಬ್ಯಾಂಡ್ ಬಾರಿಸಿ ಎದುರುಗೊಂಡಿತು. ಅದಕ್ಕಿಂತ ದೊಡ್ಡ ಸುದ್ದಿ ಮುಂದಿನ ವಾರ ಬಂತು. ಫುಟ್‌ಬಾಲ್ ಹುಚ್ಚಿನ ಮೇಸ್ತ್ರಿ ಮೆಕಾರ್ಡಲ್ ಅವನಿಗೆ ಕ್ರೇನ್ ಕೊಟ್ಟ. ಹಂಕಿಯೊಬ್ಬ ಆ ಗೂಡಿನಲ್ಲಿ ಕೂತದ್ದು ಅದೇ ಮೊದಲು. ಮುದುಕಿಯರು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದರು. ಪಾಳಿ ಮುಗಿಸಿ ಬರುವ ಗಂಡಸರು ಕುಲುಮೆಯ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ಮೇಲೆ, ಹೊಗೆಯ ನಡುವೆ, ನಮ್ಮವನು.

ಅವನು ಸಾಗಿಸುತ್ತಿದ್ದುದು ಕರಗಿದ ಉಕ್ಕಿನ ಕೊಪ್ಪರಿಗೆ. ಗೂಡಿನಲ್ಲಿ ಮೂರು ಹಿಡಿಕೆಗಳು, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಮೇಲೆ ಕೆಳಗೆ. ಪ್ರತಿ ಹಿಡಿಕೆಗೂ ಕಚ್ಚುಗಳಿವೆ. ಎಷ್ಟನೆಯ ಕಚ್ಚಿಗೆ ಬಂತೆಂದು ಅಂಗೈಗೆ ತಟ್ಟುತ್ತದೆ. ಚಾಲಕ ಹಿಡಿಕೆ ನೋಡುವುದಿಲ್ಲ. ಅವನು ನೋಡಬೇಕಾದ್ದು ಕೆಳಗೆ ನಿಂತು ಕೈಸನ್ನೆ ಮಾಡುವ ಒಬ್ಬನನ್ನು ಮಾತ್ರ. ಕೊಪ್ಪರಿಗೆಯ ಹತ್ತಿರ ನಿಂತು, ಕೊಕ್ಕೆ ಸಿಕ್ಕಿಸಿ, ಏರಿಸು, ಇಳಿಸು, ನಿಲ್ಲು ಎನ್ನುವವನು. ಆ ಒಬ್ಬ ಇಲ್ಕೊ. ಯುಲ್ಕಾಳ ತಮ್ಮ.

ಇಲ್ಕೊ ಸಣಕಲ, ಬಾಯಿ ಜೋರು. ಭಾವನ ಕೆಳಗೆ ಕೆಲಸ ಸಿಕ್ಕಿದ್ದಕ್ಕೆ ಮೊದಮೊದಲು ಅವನಷ್ಟು ಬೀಗಿದವರಿಲ್ಲ. ಆದರೆ ಅವನು ದಿನವಿಡೀ ಮೇಲೆ ನೋಡುತ್ತಿದ್ದವನು. ಉಳಿದವರಿಗೆ ಗೂಡು ಕಂಡಿತು; ಅವನಿಗೆ ಮುಖ ಕಂಡಿತು. ಪ್ರತಿ ಸಲ ಕೊಪ್ಪರಿಗೆ ಅಲುಗುವ ಮೊದಲು ಆ ಮುಖ ಮಾಯವಾಗಿ ಟೋಪಿಯ ನೆತ್ತಿ ಕಾಣುತ್ತಿತ್ತು.

ವಸಂತದ ಒಂದು ಬೆಳಿಗ್ಗೆ ಇಲ್ಕೊ ನಿಲ್ಲು ಎಂದು ಮುಷ್ಟಿ ಎತ್ತಿದ. ಮೇಲೆ ಟೋಪಿ ಕಂಡಿತು. ಕೊಪ್ಪರಿಗೆ ನಿಲ್ಲಲಿಲ್ಲ. ಅವನು ಹಿಂದಕ್ಕೆ ಹಾರಿದ. ಅವನು ನಿಂತಿದ್ದ ಕಬ್ಬಿಣದ ಹಲಗೆ ಬಾಗಿಹೋಯಿತು, ಅಂಚಿನಿಂದ ತುಳುಕಿದ ಉಕ್ಕು ನೆಲದ ಮರಳಿನಲ್ಲಿ ಸಿಡಿಯಿತು. ಇಲ್ಕೊನ ಪ್ಯಾಂಟಿಗೆ ತೂತು ಬಿತ್ತು, ಅಷ್ಟೆ. ಅಷ್ಟೆ ಎಂದು ಬರೆಯುವುದು ಸುಲಭ.

ಪಾಳಿ ಮುಗಿದ ಮೇಲೆ ಗೇಟಿನ ಹತ್ತಿರ ಅವನು ಭಾವನನ್ನು ತಡೆದ.

"ಭಾವ, ನೀನು ಕೈ ನೋಡ್ತೀಯ."

"ಇಲ್ಲ."

"ನೋಡ್ತೀಯ. ನನಗೆ ಕೆಳಗಿಂದ ಕಾಣ್ಸುತ್ತೆ. ನಿನ್ನ ಮೂತಿ ಕಂಡ್ರೆ ನಾನು ಬದುಕಿದ್ದೀನಿ ಅಂತ, ಟೋಪಿ ಕಂಡ್ರೆ ದೇವರೇ ಗತಿ ಅಂತ."

"ಇನ್ನು ಹುಷಾರಾಗಿರ್ತೀನಿ."

"ನೀನು ಹುಷಾರಾಗಿದ್ರೇನೇ ಕೈ ನೋಡೋದು, ಅದೇ ತೊಂದರೆ!"

ಇಲ್ಕೊ ಮೆಕಾರ್ಡಲ್ ಬಳಿ ಹೋದ. ಮೆಕಾರ್ಡಲ್ ಕೇಳಿಸಿಕೊಂಡು ನಕ್ಕ. "ಕುದಿಯೋ ನೀರಿಗೆ ಕೈ ಹಾಕೋ ಗಂಡಸಿನ ಕೈ ಸರಿ ಇಲ್ಲ ಅಂತ ದೂರು ಕೊಡೋಕೆ ಬಂದಿದ್ದೀಯಾ? ಹೆದರಿಕೆ ಆದ್ರೆ ಹೇಳು ಮಗನೇ, ಅಡುಗೆ ಕೋಣೇಲಿ ಕೆಲಸ ಕೊಡಿಸ್ತೀನಿ." ಸುದ್ದಿ ಅವನಿಗಿಂತ ಮೊದಲು ಜೂರ್ಕೊನ ಅಂಗಡಿಗೆ ಬಂತು. ಅಲ್ಲಿ ನಮ್ಮವರೇ ಅವನನ್ನು ಸುತ್ತಿಕೊಂಡರು.

"ಅಕ್ಕನ ಗಂಡ ಮೇಲೆ ಕೂತಿದ್ದು ಕಣ್ಣಿಗೆ ಚುಚ್ತಾ ಇದೆ ಅಲ್ವೇನೋ?"

"ಹಂಕಿಗೆ ಸಿಕ್ಕಿರೋದು ಒಂದು ಕುರ್ಚಿ. ಅದನ್ನ ಕಿತ್ತು ಐರಿಷರ ಕೈಗೆ ಕೊಡೋಕೆ ಇವನೇ ಬೇಕಿತ್ತು."

"ಲೋ, ಗಡಗಡ ಇಲ್ಕೊ! ಪ್ಯಾಂಟು ಸುಟ್ಟಿದ್ದು ಉಕ್ಕಿನಿಂದಾನೋ, ಬೇರೆ ಏನಾದ್ರೂ ಆಯ್ತೋ?"

ನನಗೆ ಕೋಪ ಬರುವುದು ಮೆಕಾರ್ಡಲ್ ಮೇಲಲ್ಲ. ಅವನು ಮೇಸ್ತ್ರಿ, ಮೇಸ್ತ್ರಿಯಂತೆ ಮಾತಾಡಿದ. ಆ ಕೊಪ್ಪರಿಗೆಯ ಕೆಳಗೆ ಒಂದು ದಿನ ತಾವೇ ನಿಲ್ಲಬೇಕಾಗಬಹುದಾಗಿದ್ದ ಜನ ನಕ್ಕರಲ್ಲ, ಅವರ ಮೇಲೆ. ಒಂದು ಕುರ್ಚಿಗಾಗಿ ಒಬ್ಬ ಮನುಷ್ಯನನ್ನು ಉಕ್ಕಿನ ಕೆಳಗೆ ನಿಲ್ಲಿಸಲು ಅವರು ಸಿದ್ಧರಿದ್ದರು, ಆ ಮನುಷ್ಯ ತಾವಲ್ಲದಿದ್ದರೆ ಸಾಕು.

ಇಲ್ಕೊ ಅಕ್ಕನಿಗೆ ಹೇಳಿದ. ಯುಲ್ಕಾ ಕೇಳಿಸಿಕೊಂಡು ಹೊಲಿಗೆ ಮುಂದುವರಿಸಿದಳು. ಅವಳು ಮಾತಿನವಳಲ್ಲ. ಬೇರೆಯವರ ಮನೆಯ ಪರದೆಗಳನ್ನು ಹೊಲಿಯುತ್ತಿದ್ದವಳು, ಬಾಯಿಯಲ್ಲಿ ಯಾವಾಗಲೂ ಗುಂಡುಸೂಜಿ. ಭಾನುವಾರ ಮಧ್ಯಾಹ್ನ ವಾಸಿಲ್ ರೇಡಿಯೊ ಹಾಕಿಕೊಂಡು, ಒಂದು ಕೈ ಕುರ್ಚಿಯ ಅಂಚಿನಿಂದ ಇಳಿಬಿಟ್ಟು, ತಾನು ಬಿಟ್ಟುಬಂದ ತಂಡದ ಆಟ ಕೇಳುತ್ತಿದ್ದ. ಯುಲ್ಕಾ ಹಿಂದೆ ಕೂತು ಹೊಲಿಯುತ್ತಿದ್ದಳು. ಸೂಜಿಯನ್ನು ತೆಗೆದು ಅವನ ತೋರುಬೆರಳಿನ ತುದಿಗೆ ಚುಚ್ಚಿದಳು.

ಅವನು ತಿರುಗಲಿಲ್ಲ.

ಇನ್ನೊಂದು ಬೆರಳಿಗೆ, ಇನ್ನೂ ಆಳಕ್ಕೆ ಚುಚ್ಚಿದಳು. ರಕ್ತ ಒಂದು ಮಣಿಯಷ್ಟು ಮೂಡಿ ನೆಲಕ್ಕೆ ಬಿತ್ತು.

"ಮತ್ತೆ ಸೋತ್ರು," ಎಂದ ವಾಸಿಲ್, ರೇಡಿಯೊ ಕಡೆಗೆ.

ಅವಳು ಎದ್ದು ರೇಡಿಯೊ ಆರಿಸಿ ಅವನ ಕೈಯನ್ನು ಅವನ ಮುಖದ ಮುಂದೆ ಹಿಡಿದಳು. ಸೂಜಿ ಇನ್ನೂ ಅಲ್ಲೇ ನಿಂತಿತ್ತು. ಅವನು ಬೇರೆ ಯಾರದೋ ಕೈ ನೋಡುವಂತೆ ನೋಡಿದ.

"ಯಾವಾಗಿಂದ?"

"ಆಡ್ತಿದ್ದಾಗಿಂದ."

"ನನ್ನ ಕೈ ಹಿಡಿದ್ರೆ?"

ಅವನು ಆರಿದ ರೇಡಿಯೊ ಕಡೆ ನೋಡಿದ. ಅವಳು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

"ಕ್ರೇನು?"

"ನೋಡ್ಕೊಂಡು ನಡೆಸ್ತೀನಿ."

"ನೀನು ಕೈ ನೋಡುವಾಗ ಇಲ್ಕೊನ ಯಾರು ನೋಡ್ತಾರೆ?"

"ನಾನು ಇಳಿದ್ರೆ ಆ ಕುರ್ಚಿ ನಮ್ಮೋರಿಗೆ ಮತ್ತೆ ಸಿಗಲ್ಲ ಯುಲ್ಕಾ. ಊರೆಲ್ಲ ಮೇಲೆ ನೋಡ್ತಾರೆ. ನಾನು ಏನಂತ ಇಳೀಲಿ?"

ಅವನ ಧ್ವನಿಯಲ್ಲಿ ಹಠವಿರಲಿಲ್ಲ, ದುಃಖವೂ ಇರಲಿಲ್ಲ. ಬೆರಳಿನಲ್ಲಿ ಶುರುವಾದದ್ದು ಮೇಲಕ್ಕೆ ಹತ್ತಿ ಬಂದಂತಿತ್ತು, ಎಂದು ಯುಲ್ಕಾ ಬಹಳ ವರ್ಷಗಳ ನಂತರ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದಳು. ಸೂಜಿಯನ್ನು ಅವಳೇ ಕಿತ್ತು, ಒರೆಸಿ, ಮತ್ತೆ ಹೊಲಿಗೆಗೆ ಕೂತಳಂತೆ. ಆ ವಾರವೆಲ್ಲ ಇಲ್ಕೊ ಅದೇ ಜಾಗದಲ್ಲಿ ನಿಂತ. ಬೇರೆ ಕೆಲಸ ಇರಲಿಲ್ಲ, ಮನೆಯಲ್ಲಿ ಹೆಂಡತಿ ಬಸುರಿ.

ನಮ್ಮಲ್ಲಿ ಹೆಂಗಸರು ಹೆಂಡದಂಗಡಿಗೆ ಮುಂಬಾಗಿಲಿನಿಂದ ಹೋಗುವುದಿಲ್ಲ. ಪಕ್ಕದಲ್ಲಿ ಅವರಿಗೆಂದೇ ಒಂದು ಸಣ್ಣ ಬಾಗಿಲಿದೆ. ಅಲ್ಲಿ ನಿಂತು ತಟ್ಟಿ, ತಂಬಿಗೆಗೆ ಬಿಯರ್ ತುಂಬಿಸಿಕೊಂಡು ಹೋಗಬೇಕು. ಶನಿವಾರ ಬೆಳಗಿನ ಪಾಳಿ ಮುಗಿದ ಹೊತ್ತಿಗೆ ಯುಲ್ಕಾ ಜೂರ್ಕೊನ ಅಂಗಡಿಗೆ ಮುಂಬಾಗಿಲಿನಿಂದ ಬಂದಳು. ಮಾತು ಒಂದೊಂದೇ ಮೇಜಿನಲ್ಲಿ ನಿಂತಿತು. ವಾಸಿಲನ ಪಕ್ಕದಲ್ಲಿ ಮೆಕಾರ್ಡಲ್ ಕೂಡ ಇದ್ದ, ಶನಿವಾರಗಳಲ್ಲಿ ವಾಸಿಲನ ಆಟದ ಕತೆ ಕೇಳಲು ಬರುತ್ತಿದ್ದ. ಇಲ್ಕೊ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಅವನ ಮೇಜಿಗೆ ಯಾರೂ ಸೇರುತ್ತಿರಲಿಲ್ಲ.

"ಏನವ್ವ ಯುಲ್ಕಾ, ದಾರಿ ತಪ್ಪಿತಾ?" ಎಂದ ಜೂರ್ಕೊ. "ನಿಮ್ಮ ಬಾಗಿಲು ಆ ಕಡೆ."

"ಗೊತ್ತು ಜೂರ್ಕಣ್ಣ. ದಿನಾ ಇಲ್ಲಿ ಇವನ ಕೈ ತೋರಿಸ್ತೀರಂತೆ. ಇವತ್ತು ನಾನು ತೋರಿಸ್ತೀನಿ."

ಅವಳು ತಲೆಯ ಮೇಲಿನ ಇಗರ್ಜಿಯ ವಸ್ತ್ರ ಬಿಚ್ಚಿ ಗಂಡನ ಕಣ್ಣಿಗೆ ಕಟ್ಟಿದಳು. ಅವನು ಬೇಡವೆನ್ನಲಿಲ್ಲ, ಎತ್ತು ನೊಗಕ್ಕೆ ಕೊಡುವಂತೆ ಕತ್ತು ಕೊಟ್ಟ. ಜನ ಹೋ ಎಂದರು. ಏನೋ ಹೊಸ ಆಟವೆಂದುಕೊಂಡರು. "ಕೆಂಡ ಇಡವ್ವ, ಕೆಂಡ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಕೈ ಚಾಚು. ಒಂದು ಕೊಡ್ತೀನಿ, ಬೀಳಿಸಬೇಡ."

ವಾಸಿಲ್ ಕೈ ಚಾಚಿದ. ಯುಲ್ಕಾ ಅವನ ಅಂಗೈ ಮೇಲೆ ಏನನ್ನೂ ಇಡಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಹಿಡಿದೆಯಾ?"

"ಹಿಡಿದೆ."

"ಗಟ್ಟಿಯಾಗಿ ಹಿಡಿ. ಬಿದ್ರೆ ಒಡೆದುಹೋಗುತ್ತೆ."

ಅವನು ಹಿಡಿದ. ಗೆಣ್ಣುಗಳು ಬೆಳ್ಳಗಾದವು. ಹಣೆಯಲ್ಲಿ ಬೆವರು ಮೂಡಿತು. ಬರಿಗೈಯನ್ನು ಅವನು ಎದೆಯ ಹತ್ತಿರ ತಂದು, ಇನ್ನೊಂದು ಕೈಯನ್ನು ಅದರ ಕೆಳಗೆ ಆಸರೆಯಾಗಿಟ್ಟು, ಜತನವಾಗಿ ಹಿಡಿದುಕೊಂಡ. ಮೊದಲು ಒಂದಿಬ್ಬರು ನಕ್ಕರು. ಆಮೇಲೆ ನಗಲಿಲ್ಲ.

"ಏನು ಹಿಡಿದಿದ್ದೀಯ, ಹೇಳು."

"ಹಗುರ ಇದೆ," ಎಂದ ವಾಸಿಲ್. ತುಸು ಯೋಚಿಸಿದ. "ಲೋಟ ಇರಬೇಕು. ಸಣ್ಣ ಲೋಟ."

ಒಲೆಯ ಮೇಲಿನ ಪಾತ್ರೆ ಕುದಿಯುವುದು ಕೇಳಿಸುತ್ತಿತ್ತು. ಯುಲ್ಕಾ ಗಂಡಸರ ಕಡೆಗೆ ತಿರುಗಿದಳು.

"ಸೋಮವಾರ ಈ ಕೈ ಕೊಪ್ಪರಿಗೆ ಎತ್ತುತ್ತೆ. ನನ್ನ ತಮ್ಮ ಹೇಡಿ ಅಂದ್ರಲ್ಲ, ಸರಿ, ಅವನು ನಿಲ್ಲಲ್ಲ. ಅವನ ಜಾಗದಲ್ಲಿ ಯಾರು ನಿಲ್ತೀರಿ? ಕೆಂಡ ಇಡು ಅಂದ್ಯಲ್ಲ, ನೀನು ನಿಲ್ತೀಯೇನಪ್ಪ?"

ಆತ ಲೋಟದೊಳಗೆ ನೋಡಿದ. ಎಲ್ಲರೂ ತಮ್ಮ ತಮ್ಮ ಲೋಟ ನೋಡಿಕೊಂಡರು. ಅಷ್ಟು ಜನ ಗಂಡಸರು, ಎಲ್ಲರೂ ಬೆಂಕಿಯ ಮುಂದೆ ದುಡಿದವರು. ಜೂರ್ಕೊ ಸೊಂಟದಿಂದ ಇಕ್ಕಳ ತೆಗೆದು ಪಾತ್ರೆಯ ಪಕ್ಕದಲ್ಲಿಟ್ಟ.

ವಾಸಿಲ್ ತಾನೇ ವಸ್ತ್ರವನ್ನು ಕೆಳಗೆಳೆದುಕೊಂಡ. ಮುಷ್ಟಿ ನೋಡಿದ. ಬೆರಳು ಬಿಚ್ಚಿ ಒಳಗೆ ನೋಡಿದ. ಅಂಗೈಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಆಮೇಲೆ ಮೆಕಾರ್ಡಲ್ ಕಡೆ ತಿರುಗಿದ.

"ನನ್ನ ಇಳಿಸಿಬಿಡಿ ಸಾರ್."

"ನಿನ್ನ ಜಾಗಕ್ಕೆ ನಿಮ್ಮವರನ್ನೇ ಹಾಕು ಅಂದ್ರೆ ನನ್ನ ಕೈಲಾಗಲ್ಲ, ವಾಸಿಲ್. ಮೇಲಿನೋರು ಒಪ್ಪಲ್ಲ."

"ಗೊತ್ತು."

ಸೋಮವಾರ ಗೂಡಿನಲ್ಲಿ ಒಬ್ಬ ಐರಿಷ್ ಯುವಕ ಕೂತಿದ್ದ. ವಾಸಿಲನ ಕೈಗೆ ಪೊರಕೆ ಕೊಟ್ಟು ಅಂಗಳಕ್ಕೆ ಹಾಕಿದರು. ನಗರದ ತಂಡಕ್ಕೆ ಯಾರಾದರೂ ಹೇಳಬೇಕಿತ್ತು. ಹೇಳಿದರೆ ಅವರು, ನಮ್ಮ ಡಾಕ್ಟರು ವಾಸಿ ಮಾಡಿ ಕಳಿಸಿದ್ದರಲ್ಲ ಎನ್ನುತ್ತಿದ್ದರು. ಕುತ್ತಿಗೆಗಳನ್ನು ಬಾಡಿಗೆಗೆ ತೆಗೆದುಕೊಂಡು ಮುರಿದು ಹಿಂತಿರುಗಿಸುವ ಆ ದೊಡ್ಡ ಮನುಷ್ಯರ ಆಟವನ್ನು ನಮ್ಮೂರು ಈಗಲೂ ಭಾನುವಾರ ಭಾನುವಾರ ರೇಡಿಯೊದಲ್ಲಿ ಬಾಯಿಬಿಟ್ಟು ಕೇಳುತ್ತದೆ, ಗೆದ್ದರೆ ಕುಡಿಯುತ್ತದೆ. ಆದರೆ ಯುಲ್ಕಾಳನ್ನು ಕ್ಷಮಿಸಲಿಲ್ಲ. ಶುಕ್ರವಾರಗಳಲ್ಲಿ ಇಗರ್ಜಿಯ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಕೂತು ಆಲೂಗೆಡ್ಡೆ ತುಂಬಿದ ಪಿರೋಹಿ ಕಡುಬು ಮಡಚುತ್ತಾರೆ. ಅವಳು ಹೋಗಿ ಕೂತರೆ ಅವಳ ಎರಡು ಪಕ್ಕದ ಕುರ್ಚಿಗಳೂ ಖಾಲಿ ಇರುತ್ತಿದ್ದವು. ಅವಳು ಸುಮ್ಮನೆ ತನ್ನ ಪಾಲಿನದನ್ನು ಮಡಚಿ ಎದ್ದು ಬರುತ್ತಿದ್ದಳು.

ಆ ಸೋಮವಾರ ಸಂಜೆ ಇಲ್ಕೊ ಅವರ ಮನೆಗೆ ಊಟಕ್ಕೆ ಬಂದ. ಎಲೆಕೋಸು, ಹಿಟ್ಟಿನ ತುಣುಕು, ಈರುಳ್ಳಿ ಹುರಿದ ಬೆಣ್ಣೆ. ಮೂವರೂ ಕೂತರು.

"ಹೊಸಬ ಹೇಗೆ ನಡೆಸ್ತಾನೆ?" ಎಂದು ವಾಸಿಲ್ ಕೇಳಿದ.

"ಒರಟು ಭಾವ. ಕೊಪ್ಪರಿಗೆ ಉಯ್ಯಾಲೆ ಥರ ತೂಗಿಸ್ತಾನೆ. ಬಾಯಿ ತೆಗೆದ್ರೆ ಬೈಗುಳ." ಇಲ್ಕೊ ಬ್ರೆಡ್ ಮುರಿದ. "ಆದ್ರೆ ನನ್ನನ್ನೇ ನೋಡ್ತಿರ್ತಾನೆ."

ವಾಸಿಲ್ ತಲೆಯಾಡಿಸಿದ. ಯುಲ್ಕಾ ತಮ್ಮನ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು.